ಸಮುದ್ರದ ಮೇಷ್ಟ್ರ ಐದು ಹುರಿಗಳು

ಅವರ ಕೈಗೆ ಏನು ಕೊಟ್ಟರೂ ಮೊದಲು ಬೆರಳಲ್ಲಿ ನೋಡುತ್ತಿದ್ದರು, ಆಮೇಲೆ ಕಣ್ಣಲ್ಲಿ. ನಮ್ಮ ಮನೆಗೆ ಮೊದಲ ಸಲ ಬಂದ ದಿನ ಜಗಲಿಯ ಮೇಲೆ ಕೂತು ನೀರು ಕುಡಿದರು. ಕಂಬಕ್ಕೆ ಕಟ್ಟಿದ್ದ ಕರುವಿನ ಹಗ್ಗವನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಗಂಟನ್ನು ಹೆಬ್ಬೆರಳಿನಿಂದ ಸವರಿದರು. ನಮ್ಮ ಮಾವನವರ ಕಡೆ ತಿರುಗಿ, "ಈ ಗಂಟು ಹಾಕಿದವರು ಎಡಗೈಯವರೋ?" ಎಂದು ಕೇಳಿದರು.

ಕರು ಕಟ್ಟಿದವನು ಈರಣ್ಣ. ನಮ್ಮ ತೋಟದಲ್ಲಿ ಮರ ಹತ್ತಿ ಕಾಯಿ ಕೆಡವುತ್ತಿದ್ದವನು. ಅವನು ಎಡಚನೆಂಬುದು ಊರಿಗೆಲ್ಲ ಗೊತ್ತು. ಆದರೆ ಬೆಳಗಿನ ಬಸ್ಸಿಗೆ ಬಂದಿಳಿದವರಿಗೆ ಹೇಗೆ ಗೊತ್ತಾಗಬೇಕು? ಮಾವನವರು, "ನಿಮ್ಗೆಂಗ್ ಗೊತ್ತಾಯ್ತು ಕಣ್ರೀ?" ಎಂದರು. ಬಲಗೈಯವರ ಗಂಟು ಒಂದು ಕಡೆ ವಾಲುತ್ತದೆ, ಎಡಗೈಯವರದು ಇನ್ನೊಂದು ಕಡೆ. ಬಂದರಿನಲ್ಲಿ ಮೂವತ್ತು ವರ್ಷ ಹಗ್ಗಗಳ ನಡುವೆ ಇದ್ದವನಿಗೆ ಇಷ್ಟಾದರೂ ತಿಳಿಯಬೇಡವೇ ಎಂದು ಅವರು ನಕ್ಕರು.

ಈ ಸಂಗತಿಯನ್ನು ಮೊದಲೇ ಬರೆಯುವುದಕ್ಕೆ ಕಾರಣವಿದೆ. ಅವರ ಬೆರಳಿಗೆ ಏನು ಗೊತ್ತಾಗುತ್ತದೆ ಎಂಬುದು ನನಗೆ ಆ ದಿನದಿಂದಲೇ ತಿಳಿದಿತ್ತು. ತಿಳಿದೂ ಅವರಿಗೆ ಮೋಸ ಮಾಡಿದೆ. ಅವರ ಕೊನೆಯ ಪುಸ್ತಕದಲ್ಲಿ ಒಂದು ದೊಡ್ಡ ತಪ್ಪು ಇದೆ. ಅದಕ್ಕಾಗಿ ಓದಿದವರು ತುಂಬಿದ ಸಭೆಯಲ್ಲಿ ಅವರನ್ನು ನೋಡಿ ನಕ್ಕರು. ಆ ತಪ್ಪು ಅವರದಲ್ಲ, ನನ್ನದು.

ಹೋದ ತಿಂಗಳು ಅವರ ತಂಗಿಯ ಮಗಳಿಂದ ಕಾಗದ ಬಂತು. ತನ್ನ ಸೋದರಮಾವ ತೀರಿಕೊಂಡು ನಲವತ್ತು ದಿನಗಳಾದವು, ಅವರ ವಿಳಾಸದ ಪುಸ್ತಕದಲ್ಲಿ ನಿಮ್ಮ ಹೆಸರಿತ್ತು ಎಂದು ಬರೆದಿದ್ದಳು. ಕೊನೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸುವ ಮನಸ್ಸಿದೆ, ಆ ಕಾಲದಲ್ಲಿ ನೀವು ಜೊತೆಗೆ ಕೆಲಸ ಮಾಡಿದವರು, ತಿದ್ದಬೇಕಾದ್ದು ಏನಾದರೂ ಇದ್ದರೆ ತಿಳಿಸಿ ಎಂದೂ ಕೇಳಿದ್ದಳು. ನಾನು ಒಂದು ಕಾರ್ಡಿನಲ್ಲಿ ಉತ್ತರ ಬರೆದೆ. ಸಾವಿನ ಸುದ್ದಿ ತಿಳಿದು ಬಹಳ ದುಃಖವಾಯಿತು. ತಿದ್ದಬೇಕಾದ್ದು ನನಗೆ ತಿಳಿದ ಮಟ್ಟಿಗೆ ಏನೂ ಇಲ್ಲ. ಹಾಗೆಂದು ಬರೆದು, ಅಂಚೆಯವನ ಕೈಗೆ ಕೊಟ್ಟು, ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅವರು ನಮ್ಮೂರಿಗೆ ಬಂದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ನಮ್ಮದು ಹಾಲ್ಕುರಿಕೆ ದಾಟಿ ಒಳಗೆ ಹೋದರೆ ಸಿಗುವ ಚಿಕ್ಕ ಊರು. ಎತ್ತ ನೋಡಿದರೂ ತೆಂಗು. ನನಗೆ ಮದುವೆಯಾಗಿ ಏಳೆಂಟು ವರ್ಷಗಳಾಗಿದ್ದವು. ನನ್ನ ಯಜಮಾನರು ತಿಪಟೂರಿನಲ್ಲಿ ಕೊಬ್ಬರಿ ಮಂಡಿಯ ಕೆಲಸ ನೋಡಿಕೊಳ್ಳುತ್ತಿದ್ದರು, ವಾರಕ್ಕೆರಡು ಸಲ ಊರಿಗೆ ಬರುತ್ತಿದ್ದರು. ಮನೆ, ತೋಟ ಎಲ್ಲ ಮಾವನವರ ಮಾತಿನಂತೆ ನಡೆಯುತ್ತಿತ್ತು.

ಬಂದವರು ಕರಾವಳಿಯವರು. ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತಿಯಾದವರು. ಅಲ್ಲಿದ್ದಾಗಲೇ ಎರಡು ಪುಸ್ತಕ ಬರೆದಿದ್ದರು. ಒಂದು ಹಳೆಯ ಕಾಲದ ಹಡಗುಗಳ ಹಗ್ಗ, ಹಾಯಿ, ಹೊಲಿಗೆಗಳನ್ನು ಕುರಿತದ್ದು. ಇನ್ನೊಂದು, ಹೊಳೆ ತಂದ ಹೂಳು ತುಂಬಿ ಒಂದು ಬಂದರು ಹೇಗೆ ಮುಚ್ಚಿಹೋಯಿತು ಎಂಬುದು. ಕಚೇರಿಯಲ್ಲಿ ಬೇಡವಾದ ಕಾಗದಗಳ ಬೆನ್ನ ಮೇಲೆ ಬರೆದವು. ಎರಡೂ ಹೆಚ್ಚು ಖರ್ಚಾಗಲಿಲ್ಲ. ಪ್ರತಿಗಳು ಅವರ ಟ್ರಂಕಿನಲ್ಲೇ ಇದ್ದವು, ಊರಿಗೆ ಬರುವಾಗ ಅವನ್ನೂ ಹೊತ್ತು ತಂದಿದ್ದರು. ಎದೆಯ ಕೆಮ್ಮಿಗೆ ಕಡಲ ಗಾಳಿ ಆಗದು, ಒಣ ಸೀಮೆಯಲ್ಲಿ ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಒಣ ಸೀಮೆಗಳು ಎಷ್ಟೋ ಇದ್ದವು, ಅವರು ನಮ್ಮ ಕಡೆಯನ್ನೇ ಆರಿಸಿಕೊಂಡರು. ಹಳೆಯ ಬಂದರು ಕಾಗದಗಳಲ್ಲಿ, ದೂರ ಹೋಗುವ ಹಡಗುಗಳಿಗೆ ಘಟ್ಟದ ಮೇಲಿನ ಒಣ ಕೊಬ್ಬರಿಯನ್ನೂ ನಾರಿನ ಹಗ್ಗವನ್ನೂ ತುಂಬಿಸುತ್ತಿದ್ದರು ಎಂದು ಓದಿದ್ದರು. ಆ ಕೊಬ್ಬರಿ ಬಂದದ್ದು ಎಲ್ಲಿಂದ, ಅದನ್ನು ಕೊಟ್ಟ ನೆಲಕ್ಕೆ ಏನಾಯಿತು ಎಂದು ಬರೆಯುವ ಆಸೆ.

ನಮ್ಮ ಅಟ್ಟವನ್ನು ತೋರಿಸಿದಾಗ ಮಗುವಿನಂತೆ ಸಂತೋಷಪಟ್ಟರು. ಕಾಯಿಯನ್ನು ಹನ್ನೊಂದು ತಿಂಗಳು ಅಟ್ಟದ ಮೇಲೆ ಇಟ್ಟರೆ ನೀರು ಇಂಗಿ ಒಳಗೆ ಕೊಬ್ಬರಿ ಗಿಟಕು ಬಿಡಿಸಿಕೊಂಡು ಲೊಟಲೊಟ ಎನ್ನುತ್ತದೆ. ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಆರು ತಿಂಗಳ ಪ್ರಯಾಣದಲ್ಲೂ ಕೆಡುವುದಿಲ್ಲ ತಂಗೀ. ಹಗ್ಗ, ಕೊಬ್ಬರಿ ಎರಡೂ ನಿಮ್ಮವು. ನೀವು ಸಮುದ್ರಕ್ಕೆ ದೂರದವರು ಎಂದು ಯಾರು ಹೇಳಿದ್ದು?" ಎಂದರು.

ಎಲ್ಲರನ್ನೂ ನೀವು ಎನ್ನುತ್ತಿದ್ದರು. ಪುಸ್ತಕದಲ್ಲಿ ಇರುವಂತೆ ಮಾತಾಡುತ್ತಿದ್ದರು. ಮೇಷ್ಟ್ರಲ್ಲದಿದ್ದರೂ ಊರು ಅವರಿಗೆ ಸಮುದ್ರದ ಮೇಷ್ಟ್ರು ಎಂದು ಹೆಸರಿಟ್ಟಿತು. ಜಗಲಿಯ ಪಕ್ಕದ ಕೋಣೆ ಅವರಿಗೆ ಕೊಡುವಾಗ ಮಾವನವರು ಒಂದೇ ಷರತ್ತು ಹಾಕಿದ್ದು: "ಊರಾಚೆ ಏನಾರ ತಿನ್ಕಳಿ, ಮನೆ ಒಳೀಕೆ ಮಾತ್ರ ಬ್ಯಾಡ." ನಾವು ಲಿಂಗ ಕಟ್ಟಿದವರು, ಅವರು ಮೀನು ತಿಂದು ಬೆಳೆದವರು. ಅವರು ಒಪ್ಪಿದರು. ಎರಡು ತಿಂಗಳಿಗೊಮ್ಮೆ ತಿಪಟೂರಿನಲ್ಲಿ ಏನೋ ಕೆಲಸವಿದೆ ಎಂದು ಹೋಗಿ ಸಂಜೆ ನಗುಮುಖದಿಂದ ಬರುತ್ತಿದ್ದರು. ನಮ್ಮ ಅತ್ತೆ ಒಳಗಿನಿಂದಲೇ, "ಮೇಷ್ಟ್ರು ಪ್ಯಾಟೆಗೋಗಿ ಸಮುದ್ರ ತಿನ್ಕಂಡು ಬಂದವ್ರೆ, ಇವತ್ತು ಮುದ್ದೆ ಒಂದು ಕಮ್ಮಿ ಮಾಡೇ" ಎನ್ನುತ್ತಿದ್ದರು. ಅದು ಅವರಿಗೂ ಕೇಳಿಸುತ್ತಿತ್ತು. ಕೆಮ್ಮಿನ ನಡುವೆ ನಗುತ್ತಿದ್ದರು.

ಊರಿನಲ್ಲಿ ಯಾರು ಸಿಕ್ಕಿದರೂ ಅವರದು ಒಂದೇ ಪ್ರಶ್ನೆ. ನಿಮ್ಮ ಮದುವೆಯಾದ ವರ್ಷ ಕೆರೆ ಕೋಡಿ ಬಿದ್ದಿತ್ತೇ? ಮೊದಲ ಮಗು ಹುಟ್ಟಿದಾಗ? ನಮ್ಮ ಜನಕ್ಕೆ ಇಸವಿ ನೆನಪಿರುವುದಿಲ್ಲ, ಕೆರೆ ತುಂಬಿ ಹರಿದದ್ದು ನೆನಪಿರುತ್ತದೆ ಎಂಬುದನ್ನು ಅವರು ಬೇಗ ಕಂಡುಕೊಂಡರು. ಕೊನೆಮನೆಯ ಅಜ್ಜಿ ಒಬ್ಬರು ಈ ಪ್ರಶ್ನೆಗೆ, "ನನ್ ಮದ್ವೇಲಿ ಕೋಡಿ ಬಿದ್ದಿದ್ದು ನಮ್ಮವ್ವನ ಕಣ್ಣು ಕಣಪ್ಪ, ಬರ್ಕ" ಎಂದಿದ್ದರು. ಮೇಷ್ಟ್ರು ಅದನ್ನೂ ಬರೆಸಿದರು.

ಬರೆಸಿದರು ಎಂದೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹತ್ತಿರದ್ದು ಮಸುಕು, ದೂರದ್ದು ಇನ್ನೂ ಮಸುಕು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು ಎಂದು ಅತ್ತೆಯಿಂದ ತಿಳಿದು, ಮನೆಯ ಕೆಲಸ ಮುಗಿದ ಮೇಲೆ ಒಂದು ಗಂಟೆ ಬರೆದುಕೊಡುವಿರಾ ಎಂದು ಮಾವನವರ ಎದುರಿಗೇ ಕೇಳಿದರು. ಮಾವನವರು ಬೇಡವೆನ್ನಲಿಲ್ಲ. ಮದುವೆಯಾದ ಮೇಲೆ ನಾನು ಪೆನ್ನು ಹಿಡಿದದ್ದು ಅಂದೇ.

ಅವರು ಒಂದು ವಾಕ್ಯ ಹೇಳಿ, ನಾನು ಬರೆದ ಮೇಲೆ ಮತ್ತೆ ಓದಿಸಿ, "ಅರ್ಥವಾಯಿತೇ?" ಎನ್ನುತ್ತಿದ್ದರು. ಮೊದಮೊದಲು ಹೂಂ ಎನ್ನುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಇಲ್ಲವೆಂದೆ. ಅವರು ಆ ವಾಕ್ಯವನ್ನು ಹೊಡೆದುಹಾಕಿಸಿದರು. ನನಗೆ ಅರ್ಥವಾಗಲಿಲ್ಲವೆಂಬ ಕಾರಣಕ್ಕೆ ಒಂದು ವಾಕ್ಯ ಹೋಯಿತು. ಅವತ್ತು ಒಲೆಯ ಮುಂದೆ ಕೂತು ಅದನ್ನೇ ನೆನೆಯುತ್ತಿದ್ದೆ. ನನ್ನ ಅರ್ಥಕ್ಕೆ ಅಷ್ಟು ಬೆಲೆಯಿದೆ ಎಂದು ಅದಕ್ಕೆ ಮೊದಲು ಯಾರೂ ತೋರಿಸಿರಲಿಲ್ಲ.

ಅವರ ಮನಸ್ಸಿನಲ್ಲಿದ್ದ ಮಾತು ಇದು. ಬಂದರುಗಳಲ್ಲಿ ಕೊಬ್ಬರಿಗೂ ಹಗ್ಗಕ್ಕೂ ಬೇಡಿಕೆ ಹೆಚ್ಚಿದಂತೆ ಇಲ್ಲಿ ತೋಟಗಳು ಹೆಚ್ಚಿದವು. ಮೇಲಿನ ನೆಲ ಮುಗಿದ ಮೇಲೆ ತೋಟ ಕೆರೆಯ ಅಂಗಳಕ್ಕೆ ಇಳಿಯಿತು. ಕೆರೆ ಚಿಕ್ಕದಾಯಿತು. "ಹಡಗು ಇಲ್ಲಿಯವರೆಗೆ ಬರಲಿಲ್ಲ, ಆದರೆ ಅದರ ಹಗ್ಗ ಬಂದು ನಿಮ್ಮ ಕೆರೆಯನ್ನು ಎಳೆದುಕೊಂಡು ಹೋಯಿತು" ಎಂದು ಹೇಳಿ ಬರೆಸಿದ್ದರು. ಆದರೆ ಅನಿಸಿದ್ದನ್ನು ಅಚ್ಚು ಹಾಕಿಸುವವರಲ್ಲ. ಕೆರೆಯ ಪಕ್ಕದ ಮರಗಳ ವಯಸ್ಸು ತಿಳಿಯಬೇಕು ಎಂದರು.

ತೆಂಗಿನ ಮರ ತಿಂಗಳಿಗೆ ಒಂದು ಗರಿ ಬಿಡುತ್ತದೆ. ಗರಿ ಉದುರಿದ ಕಡೆ ಮರದ ಮೈಮೇಲೆ ಬಳೆಯಂಥ ಗುರುತು ಉಳಿಯುತ್ತದೆ. ಹನ್ನೆರಡು ಬಳೆಯೆಂದರೆ ಒಂದು ವರ್ಷ. ಮಳೆ ಬಂದ ವರ್ಷ ಬಳೆಗಳು ದೂರ ದೂರ, ಒಣಗಿದ ವರ್ಷ ಒತ್ತಾಗಿ. ಇದು ನಮ್ಮಲ್ಲಿ ತೋಟ ಇರುವವರಿಗೆಲ್ಲ ಗೊತ್ತು. ಅದನ್ನು ಇಳಿಸಿಕೊಳ್ಳುವ ಬಗೆ ಮಾತ್ರ ಅವರದು. ಹಡಗಿನವರು ಗಂಟು ಹಾಕಿದ ಹಗ್ಗವನ್ನು ನೀರಿಗೆ ಬಿಟ್ಟು ವೇಗ ತಿಳಿಯುತ್ತಿದ್ದರಂತೆ. ಹಾಗೆಯೇ ಈರಣ್ಣ ಮರದ ಸುಳಿಯ ಹತ್ತಿರ ನಾರಿನ ಹುರಿಯೊಂದನ್ನು ಕಟ್ಟಿ ಇಳಿಬಿಡಬೇಕು. ಮೇಲಿನಿಂದ ಕೆಳಗೆ ಬಳೆ ಎಣಿಸುತ್ತಾ ಬಂದು, ಹನ್ನೆರಡಕ್ಕೊಂದು ಗಂಟು ಹಾಕಬೇಕು. ನಾನು ಕೆಳಗೆ ನಿಂತು ಎಣಿಕೆ ತಪ್ಪದಂತೆ ನೋಡಬೇಕು. ಹುರಿ ಕೆಳಗೆ ಬಂದರೆ ಮರದ ಆಯುಷ್ಯವೆಲ್ಲ ಅದರಲ್ಲಿ ಇರುತ್ತದೆ. ಕಣ್ಣಿಲ್ಲದಿದ್ದರೂ ಬೆರಳಲ್ಲಿ ಓದಬಹುದು.

ಈರಣ್ಣನಿಗೆ ಇದು ದೊಡ್ಡ ತಮಾಷೆ. "ಮರುಕ್ಕೆ ಉಡುದಾರ ಕಟ್ಟಕ್ಕೆ ನನ್ನೇ ಹುಡುಕ್ದ್ರಲ್ಲ ಮೇಷ್ಟ್ರೇ" ಎನ್ನುತ್ತಾ ಹತ್ತುತ್ತಿದ್ದ. ಮೇಲಿನ ತೋಟದ ಎಂಟು ಮರ ಆಯಿತು. ಆಮೇಲೆ ಕೆರೆಯ ಅಂಚಿನ ನಮ್ಮ ಕೆಳಗಿನ ತೋಟದಲ್ಲಿ ಐದು ಮರ. ಆ ಐದು ಹುರಿಗಳು ಬಂದ ದಿನ ಮೇಷ್ಟ್ರು ತಿಪಟೂರಿಗೆ ಹೋಗಿದ್ದರು. ನಾನು ಹುರಿಗಳನ್ನು ಸುತ್ತಿ ಜಗಲಿಯ ಮೇಲೆ ಇಟ್ಟುಕೊಂಡು ಒಂದೊಂದಕ್ಕೂ ಚೀಟಿ ಕಟ್ಟುತ್ತಿದ್ದೆ. ಮಾವನವರು ಬಂದು ಎದುರಿಗೆ ಕೂತರು.

"ಕೆಳಗಿನ ತೋಟದ್ದು ಎಷ್ಟು ಬಂತವ್ವ?"

ನಲವತ್ತರ ಆಸುಪಾಸು ಎಂದೆ.

ಆ ತೋಟ ತಮ್ಮ ತಂದೆ ನೆಟ್ಟದ್ದು ಎಂದೇ ಅವರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ನಾನೂ ನಂಬಿದ್ದೆ. ಅವತ್ತು ನನಗೆ ನಿಜ ಹೇಳಿದರು. ತಾವೇ ಪ್ರಾಯದಲ್ಲಿ, ಮೊಣಕಾಲುದ್ದ ನೀರು ನಿಲ್ಲುತ್ತಿದ್ದ ಕೆರೆ ಅಂಗಳಕ್ಕೆ ಗಾಡಿಯಲ್ಲಿ ಮಣ್ಣು ಹೊಡೆಸಿ ಸಸಿ ನೆಟ್ಟದ್ದು. ಆಗ ಕೇಳುವವರಿರಲಿಲ್ಲ. ಈಗ ಕೆರೆ ಅಂಗಳ ಅಳೆಯುವುದಕ್ಕೆ ಸರ್ವೆಯವರು ಬರುತ್ತಾರೆಂದು ಊರೂರಲ್ಲೂ ಗುಲ್ಲಿತ್ತು.

"ನಮ್ಮಪ್ಪನ ಕಾಲದ್ದು ಅಂದ್ರೆ ಯಾರೂ ಮುಟ್ಟಕ್ಕಿಲ್ಲ. ನಲವತ್ತು ಅಂತ ಅಚ್ಚಾದ್ರೆ, ಆ ಪುಸ್ತಕ ಹಿಡ್ಕಂಡೇ ಬತ್ತಾನೆ ಸರ್ವೆಯವ್ನು. ನಿನ್ ಮಗ ಉಣ್ಣೋ ತೋಟ ಕಣವ್ವ ಅದು."

ನಾನೇನು ಮಾಡಲಿ ಎಂದೆ.

"ಗಂಟು ತಾನೇ? ಇನ್ನೊಂದಷ್ಟು ಹಾಕು."

ಅವರು ಗದರಲಿಲ್ಲ, ಬೆದರಿಸಲಿಲ್ಲ. ಇದನ್ನು ಬರೆಯಲೇಬೇಕು, ಏಕೆಂದರೆ ಆಮೇಲೆ ಎಷ್ಟೋ ವರ್ಷ ಮಾವನವರ ಬಲವಂತಕ್ಕೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಬಲವಂತವಿರಲಿಲ್ಲ. ಆ ಐದು ಮರ ಬಿಟ್ಟುಬಿಡಿ, ನಮಗೆ ತೊಂದರೆಯಾಗುತ್ತದೆ ಎಂದು ಮೇಷ್ಟ್ರಿಗೆ ಒಂದು ಮಾತು ಹೇಳಿದ್ದರೆ ಖಂಡಿತ ಬಿಟ್ಟುಬಿಡುತ್ತಿದ್ದರು. ಆ ದಾರಿ ನನಗೆ ಹೊಳೆಯಿತು ಕೂಡ. ಆದರೆ ಹಾಗೆ ಹೇಳಿದರೆ ನಮ್ಮ ತೋಟ ಎಂಥದೆಂದು ಅವರಿಗೆ ತಿಳಿಯುತ್ತದೆ. ಅವರ ಕಣ್ಣಿನಲ್ಲಿ ನಮ್ಮ ಮನೆ ಸಣ್ಣದಾಗುವುದು ನನಗೆ ಬೇಡವಾಗಿತ್ತು. ಅವರಿಗೆ ಸುಳ್ಳು ಹುರಿ ಕೊಡುವುದು ಅದಕ್ಕಿಂತ ಸುಲಭ ಅನಿಸಿತು.

ಅಟ್ಟ ಹತ್ತಿ ಕಾಯಿಗಳ ನಡುವೆ ಕೂತೆ. ಹೆಂಚಿನ ಸಂದಿಯಿಂದ ಬೆಳಕು ಬೀಳುತ್ತಿತ್ತು. ಹುರಿಯ ಎರಡು ತುದಿಗಳಲ್ಲಿ ಕೈ ಹಾಕಲು ಹೆದರಿಕೆಯಾಗಿ ನಡುಭಾಗದಲ್ಲಿ, ಈರಣ್ಣನ ಗಂಟುಗಳ ನಡುವೆ ಒಂದೊಂದು, ಎರಡೆರಡು ಗಂಟು ಹಾಕುತ್ತಾ ಹೋದೆ. ಒಂದೊಂದು ಹುರಿಗೂ ಮೂವತ್ತೈದರಷ್ಟು. ನಾರು ಒರಟು, ಬೆರಳು ಕೆಂಪಾದವು. ಆದರೂ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದೆ. ಅಂತರ ಸಮನಾಗಿದೆಯೇ ಎಂದು ದೂರ ಹಿಡಿದು ನೋಡಿದೆ. ಐದನೆಯದನ್ನು ಮುಗಿಸುವಾಗ, ಗಂಟು ಹಾಕಿದಷ್ಟೂ ಹುರಿ ಗಿಡ್ಡವಾಗುತ್ತದೆ, ಮರಕ್ಕೆ ಹಿಡಿದರೆ ಸಿಕ್ಕಿಬೀಳುತ್ತೇನೆ ಎಂದು ಹೊಳೆಯಿತು. ನನ್ನ ಗಂಟುಗಳೆಲ್ಲ ಬಲಕ್ಕೆ ವಾಲುತ್ತವೆ, ಈರಣ್ಣನವು ಎಡಕ್ಕೆ ಎಂಬುದೂ ಆಗಲೇ ನೆನಪಾಯಿತು. ಬಿಚ್ಚಬಹುದಿತ್ತು. ಬಿಚ್ಚಲಿಲ್ಲ.

ಮಾರನೆಯ ದಿನ ಮೇಷ್ಟ್ರು ಹುರಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ಬೆರಳಾಡಿಸಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕರುವಿನ ಹಗ್ಗದ ಗಂಟನ್ನು ಮುಟ್ಟಿ ಎಡಗೈಯವರೋ ಎಂದು ಕೇಳಿದ ಬೆರಳು ಅದೇ. ಅದು ಎಲ್ಲೂ ನಿಲ್ಲಲಿಲ್ಲ. ಅವರು ಗಂಟನ್ನು ಎಣಿಸುತ್ತಿದ್ದರು, ಪರೀಕ್ಷಿಸುತ್ತಿರಲಿಲ್ಲ. ಅನುಮಾನವಿಲ್ಲದ ಕಡೆ ಬೆರಳೂ ನೋಡುವುದಿಲ್ಲ ಎಂದು ಅವತ್ತು ಕಂಡುಕೊಂಡೆ. ಎರಡು ಸಲ ಎಣಿಸಿ, ಮುಖ ಮೇಲೆತ್ತಿ, "ಎಪ್ಪತ್ತೈದು! ನಾನು ಅಂದುಕೊಂಡದ್ದು ತಪ್ಪು ತಂಗೀ" ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ. ತಪ್ಪು ತಿಳಿದದ್ದಕ್ಕೆ ಸಂತೋಷವಿತ್ತು.

ಆಮೇಲೆ ಆದದ್ದನ್ನು ನಾನು ಊಹಿಸಿರಲಿಲ್ಲ. ನಡುಭಾಗದಲ್ಲಿ ಗಂಟುಗಳು ಒತ್ತಾಗಿದ್ದದ್ದು ಅವರ ಬೆರಳಿಗೆ ತಿಳಿಯದೆ ಇರಲಿಲ್ಲ. ಒತ್ತಾಗಿದ್ದರೆ ಒಣ ವರ್ಷ. ಐದು ಹುರಿಗಳಲ್ಲೂ ಅದೇ ಜಾಗದಲ್ಲಿ ಅದೇ ಒತ್ತು. "ಐದು ಮರ ಒಂದೇ ಮಾತು ಹೇಳುತ್ತಿವೆ" ಎಂದರು. ಐವತ್ತು ವರ್ಷಗಳ ಕಾಲ ಈ ಸೀಮೆಯಲ್ಲಿ ನಿಧಾನವಾದ ಒಂದು ಬರ ಇತ್ತು, ಕೆರೆ ಚಿಕ್ಕದಾದದ್ದು ಅದರಿಂದ, ತೋಟದಿಂದಲ್ಲ ಎಂಬ ತೀರ್ಮಾನಕ್ಕೆ ಬಂದರು. ಮೇಲಿನ ತೋಟದ ಎಂಟು ಹುರಿಗಳಲ್ಲಿ ಅಂಥ ಒತ್ತು ಇರಲಿಲ್ಲ. ಅವು ಬಾವಿ ನೀರು ಕುಡಿದ ಮರಗಳು, ಬರ ತಿಳಿದಿರಲಾರದು ಎಂದು ತಾವೇ ಸಮಾಧಾನ ಹುಡುಕಿದರು. ನಾನು ಬರೆದುಕೊಂಡೆ. ಹಡಗಿನ ಹಗ್ಗ ಕೆರೆಯನ್ನು ಎಳೆದುಕೊಂಡು ಹೋದ ಅಧ್ಯಾಯವನ್ನು ನನ್ನ ಕೈಯಿಂದಲೇ ಹರಿಸಿದರು.

ಹಾಗೊಂದು ಬರ ಬಂದದ್ದು ಊರಿನಲ್ಲಿ ಯಾರಿಗೂ ನೆನಪಿರಲಿಲ್ಲ. ಮೇಷ್ಟ್ರು ಮತ್ತೆ ಮನೆಮನೆಗೆ ಹೋಗಿ ಕೇಳಿದರು. ಇಲ್ಲವೆಂದರು. ಆಗ ಅವರು ಏಕೆ ನೆನಪಿಲ್ಲವೆಂಬುದನ್ನೇ ಒಂದು ಅಧ್ಯಾಯವಾಗಿ ಬರೆಸಿದರು. ನಿಧಾನವಾಗಿ ಬಂದ ಬರವನ್ನು ಯಾರೂ ಬರವೆಂದು ಕರೆಯುವುದಿಲ್ಲ. ಪ್ರತಿ ವರ್ಷ ಒಂದು ಬೊಗಸೆ ನೀರು ಕಡಿಮೆಯಾದರೆ ಜನ ಬೊಗಸೆಯನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ. ಈ ವಾಕ್ಯವನ್ನು ಓದಿಸಿ ಅರ್ಥವಾಯಿತೇ ಎಂದರು. ಅರ್ಥವಾಯಿತು ಎಂದೆ. ಅವರು ಬರೆದದ್ದರಲ್ಲೆಲ್ಲ ಅಷ್ಟು ಚೆನ್ನಾದ ಅಧ್ಯಾಯ ಇನ್ನೊಂದಿಲ್ಲ. ಕೊನೆಮನೆಯ ಅಜ್ಜಿ ಮಾತ್ರ ಕೋಪಿಸಿಕೊಂಡರು. "ನಂಗೆ ಅರಳುಮರಳು ಅಂತ ಬರ್ಸವ್ರಂತೆ. ಬರ ಬಂದಿದ್ರೆ ನಂಗ್ ಗೊತ್ತಾಗ್ತಿರ್ಲಿಲ್ವೇನೇ? ನೀರು ಹೊತ್ತಿದ್ದು ನಾನಾ ಮೇಷ್ಟ್ರಾ?"

ಪುಸ್ತಕ ಅಚ್ಚಾಯಿತು. ಮೇಷ್ಟ್ರು ಕಣ್ಣಿನ ಆಪರೇಷನ್ನಿಗೆಂದು ತಮ್ಮ ಊರಿಗೆ ಹೋದರು. ಅಲ್ಲಿಂದ ಒಂದು ಪ್ರತಿ ಕಳಿಸಿದರು. ಮುನ್ನುಡಿಯ ಕೊನೆಯಲ್ಲಿ ನನ್ನ ಹೆಸರಿತ್ತು. ನನಗೆ ಕಣ್ಣಿಲ್ಲದ ಕಾಲದಲ್ಲಿ ಈ ತಂಗಿಯ ಕಣ್ಣು ನನ್ನದಾಯಿತು, ಮರಗಳ ಎಣಿಕೆಯಲ್ಲಿ ಒಂದು ಬಳೆಯೂ ತಪ್ಪದಂತೆ ನೋಡಿಕೊಂಡವರು ಇವರು ಎಂದು. ನಮ್ಮ ಯಜಮಾನರು ಅದನ್ನು ಮಂಡಿಯಲ್ಲಿ ಎಲ್ಲರಿಗೂ ಓದಿ ಹೇಳಿದರಂತೆ. ಈರಣ್ಣನಿಗೂ ಯಾರೋ ಓದಿ ಹೇಳಿದ್ದರು. ಅವನು ಕಾಯಿ ಇಳಿಸಲು ಬಂದಾಗ, "ಎಪ್ಪತ್ತೈದು ಗಂಟು ನಾನ್ ಹಾಕಿದ್ನಾ ಅಮ್ಮಾರೆ?" ಎಂದು ಕೇಳಿದ. ನೀನೇ ಹಾಕಿದ್ದು ಕಣೋ ಎಂದೆ. ಅವನು ತನ್ನ ಎಡಗೈಯನ್ನು ನೋಡಿಕೊಂಡು ಮರದ ಕಡೆ ನಡೆದ. ನಾನು ಪುಸ್ತಕವನ್ನು ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟೆ.

ಸರ್ವೆಯವರು ಬರಲೇ ಇಲ್ಲ. ಬರುತ್ತಾರೆ ಎಂಬ ಗುಲ್ಲು ಎದ್ದಂತೆಯೇ ಅಡಗಿತು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಮಾವನವರು ತೀರಿಕೊಂಡರು.

ಅದಾಗಿ ಒಂದು ವರ್ಷಕ್ಕೆ ಮೇಷ್ಟ್ರು ಇನ್ನೊಂದು ಸಲ ಬಂದರು. ಬೆಳಗಿನ ಬಸ್ಸಿಗೇ. ಒಂದು ಕಣ್ಣಿಗೆ ದಪ್ಪ ಗಾಜಿನ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಬಹಳ ಇಳಿದುಹೋಗಿದ್ದರು. ಮಾವನವರ ಫೋಟೋಗೆ ಕೈಮುಗಿದರು. ಕಾಫಿ ಕುಡಿಯುತ್ತಾ ಮೈಸೂರಿನಲ್ಲಿ ನಡೆದ ಒಂದು ಸಭೆಯ ವಿಷಯ ಹೇಳಿದರು. ಬೇರೆ ಯಾರಿಗೋ ಆದದ್ದನ್ನು ಹೇಳುವಂತೆ ಹೇಳಿದರು. ಯಾರೋ ಚಿಕ್ಕ ವಯಸ್ಸಿನ ವಿದ್ವಾಂಸರು ಎದ್ದು ನಿಂತು, ಆ ಕಾಲದ ಮಳೆಯ ದಾಖಲೆಗಳನ್ನು ತೋರಿಸಿದರಂತೆ. ಬರವೇ ಇರಲಿಲ್ಲ. ಹಳೆಯ ನಕ್ಷೆಯೊಂದರಲ್ಲಿ ನಮ್ಮ ಆ ಐದು ಮರ ಇರುವ ಜಾಗದಲ್ಲಿ ನೀರು ಇತ್ತಂತೆ. ನೀರಿನೊಳಗೆ ತೆಂಗು ಬೆಳೆಸಿದ ಗುಮಾಸ್ತರು ಎಂದು ಯಾರೋ ಅಂದು ಸಭೆಯೆಲ್ಲ ನಕ್ಕಿತಂತೆ.

"ಅವರು ಹೇಳಿದ್ದು ಸರಿಯೇ. ದಾಖಲೆ ನೋಡದೆ ಬರೆದದ್ದು ನನ್ನ ತಪ್ಪು" ಎಂದರು. ಆಮೇಲೆ ಕೆಳಗಿನ ತೋಟಕ್ಕೆ ಹೋಗಿಬರೋಣವೇ ಎಂದರು.

ಹೋದೆವು. ಅವರು ಒಂದು ಮರದ ಬುಡದಲ್ಲಿ ನಿಂತು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಈಗ ಅವರಿಗೆ ಕಾಣಿಸುತ್ತಿತ್ತು. ಎಟಕುವಷ್ಟು ಎತ್ತರದವರೆಗೆ ಬಳೆಗಳನ್ನು ಸವರಿದರು. ನನ್ನ ಕಡೆ ತಿರುಗದೆಯೇ ಕೇಳಿದರು.

"ಇನ್ನೊಂದು ಸಲ ಎಣಿಸೋಣವೇ ತಂಗೀ?"

ಈರಣ್ಣ ಊರಲ್ಲಿಲ್ಲ ಎಂದೆ. ನೆಂಟರ ಮನೆಗೆ ಕಂದಿಕೆರೆಗೆ ಹೋಗಿದ್ದಾನೆ, ಬರುವುದು ಮುಂದಿನ ವಾರ ಎಂದೆ.

ಬೇಲಿಯಾಚೆ ಪಕ್ಕದವರ ತೋಟದಲ್ಲಿ ಕಾಯಿ ಇಳಿಸುತ್ತಿದ್ದರು. ಧೊಪ್ಪೆಂದು ಒಂದು ಕಾಯಿ ಬಿತ್ತು. ಇನ್ನೊಂದು ಬಿತ್ತು. ಮೇಲಿನಿಂದ ಈರಣ್ಣ, "ಲೇ, ದೂರ ನಿಂತ್ಕಳ್ಳಾ, ತಲೆ ಮ್ಯಾಲೆ ಬುಟ್ಟೇನು" ಎಂದು ಯಾರನ್ನೋ ಗದರಿಸಿದ್ದು ಚೆನ್ನಾಗಿ ಕೇಳಿಸಿತು. ಮೇಷ್ಟ್ರಿಗೂ ಕೇಳಿಸಿತು. ನಾವಿಬ್ಬರೂ ಆ ಮರದ ಕೆಳಗೆ ನಿಂತೇ ಇದ್ದ ಹಾಗೆ ಮೂರನೆಯ ಕಾಯಿ ಬಿತ್ತು.

"ಆಗಲಿ, ಅವರು ಬಂದಾಗ ನೋಡೋಣ" ಎಂದರು ಮೇಷ್ಟ್ರು.

ಮಧ್ಯಾಹ್ನದ ಬಸ್ಸಿಗೆ ಹೋದರು. ಹೊರಡುವಾಗ ಅಟ್ಟದಿಂದ ಎರಡು ಕಾಯಿ ಕೇಳಿದರು. ಒಡೆಯದೆ ಹಾಗೇ ಕೊಡಿ ಎಂದರು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನನ್ನ ಕಡೆ ನೋಡಿ ನಕ್ಕರು. ಆಮೇಲೆ ಅವರು ಏನೂ ಬರೆಯಲಿಲ್ಲವೆಂದು ಕೇಳಿದೆ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು. ಅದರಲ್ಲಿ ಮಳೆ ಹೇಗಿದೆ, ಕೋಡಿ ಬಿತ್ತೇ ಎಂದು ಮಾತ್ರ ಇರುತ್ತಿತ್ತು.

ತಿದ್ದುವುದು ಏನೂ ಇಲ್ಲವೆಂದು ನಾನು ಉತ್ತರ ಬರೆದ ಹದಿನೈದು ದಿನಕ್ಕೆ ಅವರ ತಂಗಿಯ ಮಗಳಿಂದ ಒಂದು ಪಾರ್ಸಲ್ ಬಂತು. ಗೋಣಿಯ ಬಟ್ಟೆಯಲ್ಲಿ ಹೊಲಿದದ್ದು. ಬಿಚ್ಚಿದರೆ ಐದು ಹುರಿಗಳು. ಜೊತೆಗೆ ಕಾಗದ. ಮಾವ ಕೊನೆಯ ವರ್ಷಗಳಲ್ಲಿ ಜಗಲಿಯ ಮೇಲೆ ಇವನ್ನು ಹಿಡಿದು ಕೂರುತ್ತಿದ್ದರು. ಹಗ್ಗ ಬಿಚ್ಚುವ ಮೊಳೆಯೊಂದನ್ನು ಇಟ್ಟುಕೊಂಡು ಗಂಟು ಬಿಚ್ಚುತ್ತಿದ್ದರು. ಎಲ್ಲವನ್ನೂ ಅಲ್ಲ, ಕೆಲವನ್ನು ಮಾತ್ರ. ಒಂದು ಗಂಟಿಗೆ ಒಂದೊಂದು ಬೆಳಗ್ಗೆಯೇ ಹೋಗುತ್ತಿತ್ತು. ನಾವು ಬಿಚ್ಚಿಕೊಡುತ್ತೇವೆ ಎಂದರೆ ಬೇಡವೆನ್ನುತ್ತಿದ್ದರು. ಇವು ಏನೆಂದು ಕೇಳಿದರೆ, ತಿಪಟೂರು ಕಡೆಯ ತಂಗಿಗೆ ಗೊತ್ತು ಎನ್ನುತ್ತಿದ್ದರು. ಇವು ಏನು? ಹೀಗೆ ಬರೆದಿದ್ದಳು.

ನಾನು ಹುರಿಗಳನ್ನು ಮಡಿಲಲ್ಲಿ ಹಾಕಿಕೊಂಡು ಕಣ್ಣು ಮುಚ್ಚಿ ಬೆರಳಾಡಿಸಿದೆ. ಉಳಿದಿರುವ ಗಂಟುಗಳೆಲ್ಲ ಒಂದೇ ಕಡೆಗೆ ವಾಲಿವೆ. ಎಲ್ಲ ಈರಣ್ಣನವು. ನನ್ನದು ಒಂದೂ ಇಲ್ಲ. ನಾನು ಗಂಟು ಹಾಕಿದ್ದ ಜಾಗಗಳಲ್ಲಿ ನಾರು ಸೊಟ್ಟಗಾಗಿದೆ, ಎಷ್ಟು ಎಳೆದರೂ ನೆಟ್ಟಗಾಗುವುದಿಲ್ಲ. ಒಂದೊಂದು ಹುರಿಗೂ ಹೊಸ ಚೀಟಿ ಕಟ್ಟಿದ್ದಾರೆ. ಅವರ ನಡುಗುವ ಅಕ್ಷರದಲ್ಲಿ ಮರದ ನಿಜವಾದ ವಯಸ್ಸು. ಬೇರೆ ಒಂದು ಮಾತೂ ಇಲ್ಲ.

ಅವರಿಗೆ ಯಾವಾಗ ತಿಳಿಯಿತೋ ನನಗೆ ಗೊತ್ತಿಲ್ಲ. ಕೊನೆಯ ಸಲ ಬಂದ ದಿನ ಅವರ ಹೆಗಲ ಚೀಲದಲ್ಲಿ ಈ ಹುರಿಗಳು ಇದ್ದಿರಬಹುದು, ಇಲ್ಲದಿರಬಹುದು. ಇದನ್ನೆಲ್ಲ ಪತ್ರಿಕೆಗೆ ಬರೆದು ಸಭೆಯವರ ಬಾಯಿ ಮುಚ್ಚಿಸಬಹುದಿತ್ತು. ಹಾಗೆ ಬರೆದಿದ್ದರೆ ಗಂಟು ಹಾಕಿದ ಕೈ ಯಾರದೆಂದೂ ಬರೆಯಬೇಕಾಗುತ್ತಿತ್ತು. ತಪ್ಪನ್ನು ತಮ್ಮ ಹೆಸರಿಗೆ ಇಟ್ಟುಕೊಂಡು, ತಿದ್ದುವುದನ್ನು ನನಗೆ ಬಿಟ್ಟರು. ಎಷ್ಟು ವರ್ಷ ಬಿಟ್ಟರು.

ಮಗನಿಗೆ ಎಲ್ಲ ಹೇಳಿದೆ. ಈಗ ತೋಟ ನೋಡಿಕೊಳ್ಳುವವನು ಅವನು. ಕೇಳಿ, "ಹೋಗ್ಲಿ ಬುಡಮ್ಮ, ಸತ್ತೋದೋರ ಪುಸ್ತಕ ಈಗ್ಯಾರು ಓದ್ತಾರೆ. ಅದಕ್ಕೋಸ್ಕರ ತೋಟ ಕಳ್ಕಳನಾ?" ಎಂದ. ಅವನ ಮಾತಿನಲ್ಲಿ ತಪ್ಪಿಲ್ಲ. ಅವನ ಅಜ್ಜನೂ ಹೀಗೆಯೇ, ಜೋರು ಮಾಡದೆ ಹೇಳಿದ್ದರು. ನಾನು ಪೆಟ್ಟಿಗೆಯ ತಳದಿಂದ ಪುಸ್ತಕ ತೆಗೆದೆ.

ಆ ಹುಡುಗಿಗೆ ನಿನ್ನೆ ಕಾಗದ ಬರೆದೆ. ಇಲ್ಲಿ ಬರೆದಿರುವುದನ್ನೆಲ್ಲ ಅದರಲ್ಲೂ ಬರೆದಿದ್ದೇನೆ. ಮುನ್ನುಡಿಯ ಕೊನೆಯಲ್ಲಿರುವ ನನ್ನ ಹೆಸರಿನ ವಾಕ್ಯವನ್ನು ತೆಗೆಯಲು ಕೇಳಿದ್ದೇನೆ. ನಾನು ಹರಿದಿದ್ದ ಅಧ್ಯಾಯ ನನಗೆ ನೆನಪಿದ್ದ ಮಟ್ಟಿಗೆ ಮತ್ತೆ ಬರೆದು ಕಳಿಸಿದ್ದೇನೆ. ಹಡಗಿನ ಹಗ್ಗ ಕೆರೆಯನ್ನು ಎಳೆದುಕೊಂಡು ಹೋದ ಆ ವಾಕ್ಯ ಅಕ್ಷರ ಬಿಡದಂತೆ ನೆನಪಿತ್ತು. ಆಮೇಲೆ ಒಂದು ಬೇರೆ ಹಾಳೆಯ ಮೇಲೆ, ಅಚ್ಚಿನವರಿಗೆ ತಿಳಿಯುವಂತೆ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಬರೆದೆ. ಬರೆದು, ಅವರು ಓದಿಸುತ್ತಿದ್ದ ಹಾಗೆ ಗಟ್ಟಿಯಾಗಿ ಒಂದು ಸಲ ಓದಿದೆ, ಅರ್ಥವಾಗುತ್ತದೆಯೇ ಎಂದು.

ಕೆರೆಯ ಅಂಚಿನ ಐದು ಮರಗಳ ವಯಸ್ಸು, ಎಣಿಸಿದ ವರ್ಷಕ್ಕೆ: ನಲವತ್ತೊಂದು, ನಲವತ್ತು, ನಲವತ್ತೊಂದು, ಮೂವತ್ತೊಂಬತ್ತು, ನಲವತ್ತು. ಅವು ಇರುವ ಜಾಗದಲ್ಲಿ ಮೊದಲು ನೀರು ಇತ್ತು. ಪುಸ್ತಕದಲ್ಲಿ ಹೇಳಿರುವ ಬರ ಬರಲಿಲ್ಲ. ಆ ವರ್ಷಗಳಲ್ಲಿ ನಮ್ಮೂರಿಗೆ ಮಳೆ ಚೆನ್ನಾಗಿ ಆಗಿತ್ತು.